ಕಿವಿ ಸಾಲದು, ಕಣ್ಣಿಡಿ

ಸಿಡ್ನಿಯಲ್ಲಿ ಸಂಕ್ರಾಂತಿ ಬರುವುದು ನಡುಬೇಸಿಗೆಯಲ್ಲಿ. ನಮ್ಮೂರುಗಳಲ್ಲಿ ಬೆಳಗಿನ ಚಳಿಗೆ ಸ್ವೆಟರ್ ತೊಟ್ಟು ಎಳ್ಳು-ಬೆಲ್ಲ ಬೀರಲು ಹೊರಡುತ್ತೇವಲ್ಲ, ಅಲ್ಲಿನ ಕನ್ನಡದ ಮಕ್ಕಳು ಅದೇ ಹೊತ್ತಿಗೆ ತಲೆಗೆ ಟೋಪಿ ಹಾಕಿ, ಮುಖಕ್ಕೆ ಬಿಸಿಲ ಕ್ರೀಮು ಬಳಿದುಕೊಂಡು ಹೊರಡುತ್ತಾರೆ. ಭೂಮಿಯ ಅಕ್ಷ 23.5 ಡಿಗ್ರಿಯಷ್ಟು ವಾಲಿಕೊಂಡಿದೆ. ಜನವರಿಯಲ್ಲಿ ದಕ್ಷಿಣ ಗೋಳಾರ್ಧ ಸೂರ್ಯನ ಕಡೆಗೆ ಬಾಗಿರುತ್ತದೆ. ಶಾಲೆಗೂ ಆಗಲೇ ದೊಡ್ಡ ರಜೆ. ಆಸ್ಟ್ರೇಲಿಯಾದಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳ ಹಿತ್ತಿಲಲ್ಲಿ ಈಜುಕೊಳವಿದೆ. ಸೆಖೆ, ರಜೆ, ಹಿತ್ತಿಲಲ್ಲೇ ನೀರು. ಇಷ್ಟೂ ಸೇರಿದ ಮೇಲೆ ಹುಟ್ಟುಹಬ್ಬವಾಗಲಿ, ಹಬ್ಬವಾಗಲಿ, ನೆಂಟರಿಷ್ಟರನ್ನು ಕರೆದು ಪೂಲ್ ಪಾರ್ಟಿ ಮಾಡದೆ ಬಿಡುತ್ತಾರೆಯೇ?

ಪಾರ್ಟಿ ಎಂದಮೇಲೆ ಗದ್ದಲ ಇರಲೇಬೇಕು. ಹಾಡು, ಕೇಕೆ, ಧುಮುಕುವ ಸದ್ದು, ನಡುವೆ ಯಾರದೋ ಅಳು. ಒಲೆಯ ಮೇಲೆ ಪನೀರ್ ತಿರುವುತ್ತ ನಿಂತ ದೊಡ್ಡವರು ಆಗಾಗ ಅತ್ತ ಕಿವಿಗೊಟ್ಟು, "ಮಕ್ಕಳು ಆಡ್ತಾ ಇದಾರೆ ಬಿಡಿ" ಎಂದು ಮಾತು ಮುಂದುವರಿಸುತ್ತಾರೆ. ಮನೆಯೊಳಗಾದರೆ ಈ ಲೆಕ್ಕ ಸರಿ. ಬಿದ್ದ ಮಗು ಅಳುತ್ತದೆ, ಜಗಳವಾದರೆ ಕಿರುಚಾಟ ಕೇಳುತ್ತದೆ. ನೀರಿನ ಬಳಿ ಮಾತ್ರ ಈ ಲೆಕ್ಕ ಪೂರ್ತಿ ತಲೆಕೆಳಗು. ನೀರಿನಲ್ಲಿ ಕಷ್ಟಕ್ಕೆ ಸಿಕ್ಕವರು ಕೂಗುವುದಿಲ್ಲ. ಕೂಗಲು ಅವರಿಗೆ ಆಗುವುದೇ ಇಲ್ಲ.

ಸಿನಿಮಾ ನೋಡಿ ನಮಗೆ ಬೇರೆಯದೇ ಚಿತ್ರ ಕೂತುಬಿಟ್ಟಿದೆ. ಮುಳುಗುತ್ತಿರುವವರು ಎರಡೂ ಕೈ ಮೇಲೆತ್ತಿ ಬೀಸುತ್ತಾರೆ, "ಕಾಪಾಡಿ, ಕಾಪಾಡಿ" ಎನ್ನುತ್ತಾರೆ, ನಾಯಕ ಅಂಗಿ ಬಿಚ್ಚಿ ಹಾರುತ್ತಾನೆ. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿರುವ ಆರ್ಚರ್ಡ್ ಬೀಚಿನಲ್ಲಿ ಜೀವರಕ್ಷಕರಾಗಿದ್ದ ಫ್ರಾಂಕ್ ಪಿಯಾ ಎಂಬುವವರು ಇದು ನಿಜವೇ ಎಂದು ತಾವೇ ಪರೀಕ್ಷಿಸಿ ನೋಡಿದರು. ಜನರು ನೀರಿನಲ್ಲಿ ಕಷ್ಟಕ್ಕೆ ಸಿಕ್ಕ, ಕಾವಲಿನವರು ಅವರನ್ನು ಎತ್ತಿತಂದ ನಿಜವಾದ ಘಟನೆಗಳನ್ನು ಚಿತ್ರೀಕರಿಸಿ, 1970ರ ಹೊತ್ತಿಗೆ ಅದನ್ನೊಂದು ಕಿರುಚಿತ್ರವಾಗಿ ಮಾಡಿದರು. ಅದರಲ್ಲಿ ಕಂಡದ್ದು ಸಿನಿಮಾದ ದೃಶ್ಯವಲ್ಲ. ಮುಳುಗುತ್ತಿರುವವರು ಮೌನವಾಗಿದ್ದರು. ಕೈ ಬೀಸಲಿಲ್ಲ. ಹತ್ತಿರದಲ್ಲೇ ಈಜುತ್ತಿದ್ದವರಿಗೂ ಎಷ್ಟೋ ಸಲ ಅದು ತಿಳಿಯಲಿಲ್ಲ.

ಯಾಕೆ ಹೀಗೆ? ನಿಮ್ಮ ಅಂಗೈಯನ್ನು ಬಾಯಿಯ ಮುಂದೆ ಹಿಡಿದು "ಅಮ್ಮಾ" ಎಂದು ಕೂಗಿ ನೋಡಿ. ಬಿಸಿ ಗಾಳಿ ತಾಗಿತಲ್ಲ? ಒಳಗೆಳೆದ ಉಸಿರು ಹೊರಗೆ ಹೋಗುವಾಗಲೇ ದನಿ ಹುಟ್ಟುವುದು. ಮುಳುಗುತ್ತಿರುವವರ ಬಾಯಿ ನೀರಿನ ಮಟ್ಟದಲ್ಲಿ ಮೇಲೆ ಕೆಳಗೆ ಆಗುತ್ತಿರುತ್ತದೆ. ಮೇಲೆ ಬಂದ ಆ ಒಂದು ಗಳಿಗೆಯಲ್ಲಿ ಹಳೆಯ ಉಸಿರು ಬಿಟ್ಟು ಹೊಸದನ್ನು ಎಳೆದುಕೊಳ್ಳುವಷ್ಟರಲ್ಲಿ ಬಾಯಿ ಮತ್ತೆ ಕೆಳಗೆ ಹೋಗುತ್ತದೆ. ದೇಹಕ್ಕೆ ಉಸಿರು ಮೊದಲು, ಮಾತು ಆಮೇಲೆ. ಕೈಗಳ ಕಥೆಯೂ ಅಷ್ಟೇ. ತಲೆ ಮೇಲೆ ಬರಲಿ ಎಂದು ಅವು ತಾವಾಗಿಯೇ ಅಕ್ಕಪಕ್ಕಕ್ಕೆ ಚಾಚಿ ನೀರನ್ನು ಕೆಳಕ್ಕೆ ಒತ್ತುತ್ತಿರುತ್ತವೆ. ಕಣ್ಣಿಗೆ ಧೂಳು ಬಂದಾಗ ರೆಪ್ಪೆ ಮುಚ್ಚುವುದನ್ನು ನಾವು ಯೋಚಿಸಿ ಮಾಡುತ್ತೇವೆಯೇ? ಇದೂ ಅದೇ ಜಾತಿಯದು. ಬೀಸಬೇಕೆಂದರೂ ಕೈ ಬೀಸಲಾಗದು. ಪಿಯಾ ಲೆಕ್ಕ ಹಾಕಿದಂತೆ ಈ ಹೋರಾಟ ನೀರಿನ ಮೇಲೆ ನಡೆಯುವುದು 20ರಿಂದ 60 ಸೆಕೆಂಡು ಮಾತ್ರ. ಒಂದು ಪನೀರ್ ತುಂಡಿನ ಎರಡೂ ಬದಿ ಬೇಯುವ ಮೊದಲೇ ಎಲ್ಲ ಮುಗಿದಿರಬಹುದು.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ತಲೆ ನೀರಿನಲ್ಲಿ ತೀರಾ ತಗ್ಗಿ, ಹಿಂದಕ್ಕೆ ಬಾಗಿರುತ್ತದೆ. ಬಾಯಿ ತೆರೆದಿರುತ್ತದೆ. ಕೂದಲು ಕಣ್ಣಿನ ಮೇಲೆ ಬಿದ್ದಿದ್ದರೂ ಸರಿಸಿಕೊಳ್ಳುವುದಿಲ್ಲ. ಮೈ ನೆಟ್ಟಗೆ ನಿಂತಿರುತ್ತದೆ, ಕಾಲು ಬಡಿಯುತ್ತಿರುವುದಿಲ್ಲ. ಕಣ್ಣಿಗೆ ಕಾಣದ ಏಣಿಯೊಂದನ್ನು ಹತ್ತುತ್ತಿರುವಂತೆ ತೋರುತ್ತದೆ. ಅನುಮಾನ ಬಂದರೆ ಒಂದು ಪ್ರಶ್ನೆ ಕೇಳಿ: "ಏಯ್, ಸರಿಯಾಗಿದ್ದೀಯಾ?" ಉತ್ತರ ಬಂದರೆ, ಅದು "ಹೋಗೋ ನೀನು" ಎಂಬ ಬೈಗುಳವಾದರೂ, ಸಂತೋಷ. ಉಸಿರಾಟ ಸರಿ ಇದ್ದವರಿಗಷ್ಟೇ ಬೈಯಲು ಸಾಧ್ಯ. ಉತ್ತರ ಬರಲಿಲ್ಲವೆಂದರೆ ಕೂಡಲೇ ದೊಡ್ಡವರನ್ನು ಕೂಗಿ ಕರೆಯಿರಿ. ಕೂಗುವ ಕೆಲಸ ನಿಮ್ಮದು, ಏಕೆಂದರೆ ಅವರಿಂದ ಅದು ಆಗದು.

ಆದ್ದರಿಂದಲೇ ಒಳ್ಳೆಯ ಪೂಲ್ ಪಾರ್ಟಿಯಲ್ಲಿ ಈಜದ, ತಿನ್ನದ, ಹರಟದ ಒಬ್ಬ ದೊಡ್ಡವರು ಇರಬೇಕು. ಅವರ ಕೆಲಸ ನೀರನ್ನು ನೋಡುವುದು, ಅಷ್ಟೇ. ಫೋನು ಜೇಬಿನಲ್ಲಿ. ಹತ್ತು ಜನ ದೊಡ್ಡವರು ಕೊಳದ ಸುತ್ತ ಕುರ್ಚಿ ಹಾಕಿ ಕೂತರೆ ಸಾಕಲ್ಲ ಎಂದು ನೀವು ಕೇಳಬಹುದು. ಸಾಲದು. ಹತ್ತು ಜನರಿದ್ದಾಗ ಪ್ರತಿಯೊಬ್ಬರೂ ಮಿಕ್ಕ ಒಂಬತ್ತು ಜನ ನೋಡುತ್ತಿದ್ದಾರೆ ಎಂದುಕೊಳ್ಳುತ್ತಾರೆ. ಈಗ ಹಲವು ಕಡೆ ಇದಕ್ಕೊಂದು ಉಪಾಯ ಮಾಡಿದ್ದಾರೆ. ಕಾವಲಿನವರ ಕೊರಳಿಗೆ ಒಂದು ಬಿಲ್ಲೆ ಹಾಕುತ್ತಾರೆ. ಹದಿನೈದು ನಿಮಿಷವಾದ ಮೇಲೆ ಅದು ಮತ್ತೊಬ್ಬರ ಕೊರಳಿಗೆ ಹೋಗುತ್ತದೆ. ಬಿಲ್ಲೆ ದಾಟಿಸದೆ ಯಾರೂ ಎದ್ದು ಹೋಗುವಂತಿಲ್ಲ.

ಬರೀ ಹದಿನೈದು ನಿಮಿಷ ಯಾಕೆ? ಇದಕ್ಕೆ ಉತ್ತರ ಎರಡನೇ ಮಹಾಯುದ್ಧದ ಕಾಲದಿಂದ ಬಂದಿದೆ. ಬ್ರಿಟನ್ನಿನ ವಾಯುಪಡೆಯವರು ರಾಡಾರ್ ಪರದೆ ನೋಡುತ್ತ ಶತ್ರು ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದರು. ಎಷ್ಟೇ ಜಾಣರಾದರೂ ಸ್ವಲ್ಪ ಹೊತ್ತಿನ ನಂತರ ಪರದೆಯ ಮೇಲಿನ ಚುಕ್ಕಿಗಳನ್ನು ಗಮನಿಸದೆ ಬಿಟ್ಟುಬಿಡುತ್ತಿದ್ದರು. ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ ಇದನ್ನು ಅಳೆಯಲು ಒಂದು ಗಡಿಯಾರ ಮಾಡಿದರು. ಅದರ ಮುಳ್ಳು ಒಂದೊಂದೇ ಹೆಜ್ಜೆ ಜಿಗಿಯುತ್ತದೆ. ಎಂದೋ ಒಮ್ಮೆ ಎರಡು ಹೆಜ್ಜೆ ಜಿಗಿಯುತ್ತದೆ. ಎರಡು ಜಿಗಿದಾಗ ಗುಂಡಿ ಒತ್ತಬೇಕು, ಅಷ್ಟೇ ಕೆಲಸ. ಮೊದಲ ಅರ್ಧ ಗಂಟೆ ಕಳೆಯುತ್ತಿದ್ದಂತೆ ತಪ್ಪುಗಳು ಹೆಚ್ಚಿದವು. 1948ರಲ್ಲಿ ಅವರು ಇದನ್ನು ಪ್ರಕಟಿಸಿದರು. ಏನೂ ಆಗದೇ ಇರುವುದನ್ನು ನೋಡುತ್ತ ಕೂರುವುದು ಮಿದುಳಿಗೆ ಬಹಳ ಆಯಾಸದ ಕೆಲಸ. ಕಾವಲಿಗೆ ಕೂತ ಮಾವನನ್ನು "ಸುಮ್ಮನೆ ಕೂತಿದ್ದಾರೆ" ಎಂದು ಆಡಿಕೊಳ್ಳಬೇಡಿ. ಆ ಹಿತ್ತಿಲಲ್ಲಿ ಅತಿ ಕಷ್ಟದ ಕೆಲಸ ಅವರದೇ.

ಸರಿ, ಕಣ್ಣಿಟ್ಟೆವು. ಆದರೆ ನೀರು ಕಣ್ಣಿಗೂ ಮೋಸ ಮಾಡುತ್ತದೆ. ಒಂದು ಅಗಲವಾದ ಬಟ್ಟಲಿನ ತಳದಲ್ಲಿ ನಾಣ್ಯ ಇಡಿ. ಬಟ್ಟಲಿನ ಅಂಚು ನಾಣ್ಯವನ್ನು ಮರೆಮಾಡುವಷ್ಟು ಹಿಂದೆ ಸರಿದು ನಿಲ್ಲಿ. ಈಗ ತಂಗಿಗೆ ನಿಧಾನವಾಗಿ ನೀರು ಸುರಿಯಲು ಹೇಳಿ. ನೀವು ಕದಲದಿದ್ದರೂ ನಾಣ್ಯ ಮೇಲೆದ್ದು ಕಾಣಿಸಿಕೊಳ್ಳುತ್ತದೆ. ನೀರಿನಿಂದ ಗಾಳಿಗೆ ಬರುವಾಗ ಬೆಳಕಿನ ಕಿರಣ ಬಾಗುತ್ತದೆ. ಕಣ್ಣಿಗೆ ಅದು ಗೊತ್ತಿಲ್ಲ, ಕಿರಣ ನೇರವಾಗಿಯೇ ಬಂತು ಎಂದುಕೊಳ್ಳುತ್ತದೆ. ಇದೇ ವಕ್ರೀಭವನ. ನೀರಿನ ವಕ್ರೀಭವನ ಸೂಚ್ಯಂಕ 1.33. ಹೀಗಾಗಿ ನೇರ ಮೇಲಿನಿಂದ ಬಗ್ಗಿ ನೋಡಿದರೆ ಕೊಳದ ಆಳ ನಿಜದ ಮುಕ್ಕಾಲು ಭಾಗದಷ್ಟೇ ಕಾಣುತ್ತದೆ. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ನಿಮ್ಮ ಎತ್ತರ 120 ಸೆಂಟಿಮೀಟರ್ ಎಂದುಕೊಳ್ಳಿ. 160 ಸೆಂಟಿಮೀಟರ್ ಆಳದ ನೀರು ನಿಮಗೆ 120 ಎಂದೇ ಕಾಣುತ್ತದೆ. "ಓಹೋ, ನನ್ನಷ್ಟೇ ಇದೆ" ಎಂದು ಇಳಿದರೆ ನೆತ್ತಿಯ ಮೇಲೆ ಇನ್ನೂ 40 ಸೆಂಟಿಮೀಟರ್ ನೀರು. ಆದ್ದರಿಂದ ಮೊದಲ ಸಲ ಹೋದ ಮನೆಯಲ್ಲಿ ಆಳ ಎಷ್ಟೆಂದು ಮನೆಯವರನ್ನು ಕೇಳಿ, ಕಣ್ಣನ್ನು ಕೇಳಬೇಡಿ.

ಇನ್ನು ಬಟ್ಟೆಯ ಬಣ್ಣ. ಕೊಳದ ತಳ ಸಾಮಾನ್ಯವಾಗಿ ತಿಳಿನೀಲಿ ಅಥವಾ ಬಿಳಿ. ಮೇಲೆ ಅಲೆಗಳ ಮಿರುಗು, ಬಿಸಿಲಿನ ಪ್ರತಿಫಲನ. ತಿಳಿನೀಲಿ ಈಜುಡುಗೆ ತೊಟ್ಟ ಮಗು ನೀರಿನೊಳಗೆ ಹೋದರೆ ಹಿನ್ನೆಲೆಯಲ್ಲಿ ಕರಗಿಹೋಗುತ್ತದೆ. ಕಣ್ಣು ಹುಡುಕುವುದು ಬಣ್ಣವನ್ನಲ್ಲ, ಬಣ್ಣಗಳ ನಡುವಿನ ವ್ಯತ್ಯಾಸವನ್ನು. ಕಿತ್ತಳೆ, ಗಾಢ ಗುಲಾಬಿ, ಕಣ್ಣು ಕುಕ್ಕುವ ಹಳದಿ ಚೆನ್ನಾಗಿ ಕಾಣುತ್ತವೆ. ಅಜ್ಜಿಗೆ "ಏನಿದು ಇಷ್ಟು ಢಾಳು ಬಣ್ಣ" ಅನ್ನಿಸಿದರೂ ಪರವಾಗಿಲ್ಲ.

ಯಾರೂ ನೋಡದ ಹೊತ್ತಿನಲ್ಲಿ ಕಾಯುವುದಕ್ಕೆ ಬೇಲಿ ಇದೆ. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದಕ್ಕೆ 1992ರಿಂದ ಒಂದು ಕಾನೂನೇ ಇದೆ. 30 ಸೆಂಟಿಮೀಟರಿಗಿಂತ ಆಳ ನೀರು ನಿಲ್ಲುವ ಯಾವ ಕೊಳಕ್ಕಾದರೂ, ಗಾಳಿ ತುಂಬಿ ಉಬ್ಬಿಸುವ ಪ್ಲಾಸ್ಟಿಕ್ ಕೊಳಕ್ಕೂ, ಬೇಲಿ ಬೇಕು. ಎತ್ತರ ಕಡಿಮೆಯೆಂದರೆ 1.2 ಮೀಟರ್. ಕೆಳಗಿನ ಸಂದು 10 ಸೆಂಟಿಮೀಟರಿಗಿಂತ ಹೆಚ್ಚಿರಬಾರದು, ಪುಟಾಣಿಗಳು ನುಸುಳಬಾರದಲ್ಲ. ಗೇಟು ಕೊಳದಿಂದ ಹೊರಮುಖವಾಗಿ ತೆರೆಯಬೇಕು, ಬಿಟ್ಟರೆ ತಾನಾಗಿ ಮುಚ್ಚಿ ಚಿಲಕ ಬೀಳಬೇಕು. ಹೊರಮುಖ ಯಾಕೆ ಎಂದು ಊಹಿಸಬಲ್ಲಿರಾ? ಎರಡು ವರ್ಷದ ಮಗು ಗೇಟನ್ನು ಕಂಡರೆ ತಳ್ಳುತ್ತದೆ. ಚಿಲಕ ಸರಿಯಾಗಿ ಬಿದ್ದಿರದಿದ್ದರೂ ತಳ್ಳಿದಷ್ಟೂ ಗೇಟು ಮುಚ್ಚಿಕೊಳ್ಳುತ್ತದೆ! ಯಾರೋ ಯೋಚಿಸಿ ಮಾಡಿದ್ದಾರೆ. ಇಷ್ಟೆಲ್ಲ ಮಾಡಿಟ್ಟ ಗೇಟಿಗೆ ಪಾರ್ಟಿಯ ದಿನ ಒಂದು ಕುರ್ಚಿ ಅಡ್ಡ ಕೊಟ್ಟು ತೆರೆದೇ ಇಡುವವರು ದೊಡ್ಡವರು. ಕೈತುಂಬ ತಟ್ಟೆ ಹಿಡಿದು ಓಡಾಡುವಾಗ ಅದು ಮತ್ತೆ ಮತ್ತೆ ಮುಚ್ಚಿಕೊಳ್ಳುವುದು ಅವರಿಗೆ ಕಿರಿಕಿರಿ. ನಿಮ್ಮ ಕಣ್ಣಿಗೆ ಬಿದ್ದರೆ ಆ ಕುರ್ಚಿ ತೆಗೆದುಬಿಡಿ. ಬೇಲಿಯ ಪಕ್ಕಕ್ಕೆ ಎಳೆದಿಡಬೇಡಿ, ದೂರ ಒಯ್ಯಿರಿ. ಬೇಲಿಗೆ ಒತ್ತಿ ಇಟ್ಟ ಕುರ್ಚಿ ಪುಟ್ಟ ಮಕ್ಕಳಿಗೆ ಮೆಟ್ಟಿಲು.

ಪುಟ್ಟ ಮಕ್ಕಳ ಬಗ್ಗೆಯೇ ಇಷ್ಟು ಹೆದರುವುದೇಕೆ ಎಂದರೆ, ಅವರ ಮೈಯ ಅಳತೆಯೇ ಬೇರೆ. ಹುಟ್ಟಿದ ಮಗುವಿನ ತಲೆ ಅದರ ಉದ್ದದ ಕಾಲು ಭಾಗ. ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಭಾಗ. ನಡೆಯಲು ಕಲಿಯುವ ವಯಸ್ಸಿನಲ್ಲೂ ತಲೆ ಭಾರ, ಕಾಲು ಹಗುರ. ಬಗ್ಗಿ ನೀರು ಮುಟ್ಟಲು ಹೋದರೆ ಮುಗ್ಗರಿಸುವುದು ತಲೆಯ ಕಡೆಗೇ, ಮತ್ತೆ ತಲೆ ಎತ್ತುವ ಬಲ ಕತ್ತಿನಲ್ಲಿ, ಕೈಯಲ್ಲಿ ಇರುವುದಿಲ್ಲ. ಅಮೆರಿಕದಲ್ಲಿ 1ರಿಂದ 4 ವರ್ಷದ ಮಕ್ಕಳ ಸಾವಿಗೆ ಮೊದಲನೆಯ ಕಾರಣ ನೀರಿನಲ್ಲಿ ಮುಳುಗುವುದೇ.

ದೊಡ್ಡ ಮಕ್ಕಳ ಅಪಾಯ ಬೇರೆ ಥರದ್ದು. ಈಜು ಚೆನ್ನಾಗಿ ಬರುವವರಿಗೇ ಅದು ಹೆಚ್ಚು. "ಯಾರು ಜಾಸ್ತಿ ಹೊತ್ತು ನೀರೊಳಗೆ ಇರ್ತಾರೆ ನೋಡೋಣ" ಎಂಬ ಆಟ ಗೊತ್ತಲ್ಲ? ಗೆಲ್ಲಲು ಕೆಲವರು ಮುಳುಗುವ ಮೊದಲು ಬುಸುಬುಸು ಎಂದು ಹತ್ತಾರು ಸಲ ಜೋರಾಗಿ ಉಸಿರೆಳೆದು ಬಿಡುತ್ತಾರೆ. ಆಮ್ಲಜನಕ ತುಂಬಿಕೊಳ್ಳುತ್ತಿದ್ದೇವೆ ಎಂದು ಅವರ ನಂಬಿಕೆ. ಆದರೆ ಆರೋಗ್ಯವಂತರ ರಕ್ತ ಸುಮ್ಮನೆ ಕೂತಾಗಲೂ ಹೊರಬಹುದಾದ ಆಮ್ಲಜನಕದ ಶೇಕಡಾ 95ಕ್ಕಿಂತ ಹೆಚ್ಚನ್ನು ಹೊತ್ತೇ ಇರುತ್ತದೆ. ಹೊಸದಾಗಿ ಸೇರುವುದು ಬಹಳ ಕಡಿಮೆ. ಆ ಬುಸುಬುಸಿನಲ್ಲಿ ಹೊರಗೆ ಹೋಗುವುದು ಇಂಗಾಲದ ಡೈಆಕ್ಸೈಡ್.

ಹೋದರೆ ಹೋಗಲಿ, ಅದು ಬೇಡದ ಅನಿಲ ತಾನೇ? ಇಲ್ಲೇ ಇರುವುದು ಗುಟ್ಟು. ಉಸಿರು ಬಿಗಿಹಿಡಿದಾಗ ಎದೆ ಚಡಪಡಿಸಿ "ಸಾಕು, ಉಸಿರಾಡು" ಎನ್ನುತ್ತದಲ್ಲ, ಆ ಚಡಪಡಿಕೆ ಬರುವುದು ಮುಖ್ಯವಾಗಿ ಆಮ್ಲಜನಕ ಕಡಿಮೆಯಾಯಿತೆಂದು ಅಲ್ಲ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಾಯಿತೆಂದು. ಮಿದುಳಿನ ಬುಡದಲ್ಲಿ ಅದನ್ನು ಅಳೆಯುವ ಕೋಶಗಳಿವೆ. ಮೊದಲೇ ಆ ಅನಿಲವನ್ನು ಹೊರಹಾಕಿಬಿಟ್ಟರೆ ಅದು ಮತ್ತೆ ಕೂಡಿಕೊಳ್ಳಲು ಬಹಳ ಹೊತ್ತು ಬೇಕು. ಅಷ್ಟರಲ್ಲಿ ಆಮ್ಲಜನಕ ಕರಗುತ್ತಲೇ ಇರುತ್ತದೆ, ಎದೆ ಮಾತ್ರ ಏನೂ ಹೇಳುವುದಿಲ್ಲ. ಹುಡುಗ ಹಾಯಾಗಿರುತ್ತಾನೆ, ಮರುಗಳಿಗೆ ಎಚ್ಚರ ತಪ್ಪುತ್ತದೆ. ಮೇಲಿದ್ದವರು "ಭೇಷ್, ಇನ್ನೂ ಒಳಗಿದ್ದಾನೆ" ಎಂದು ಎಣಿಸುತ್ತಿರುತ್ತಾರೆ. ನುರಿತ ಈಜುಗಾರರೂ ಹೀಗೆ ಹೋಗಿದ್ದಾರೆ. ಈ ಒಂದು ಆಟವನ್ನು ಯಾವ ಕೊಳದಲ್ಲೂ, ಎಷ್ಟೇ ಕಡಿಮೆ ನೀರಿನಲ್ಲೂ ಆಡಬೇಡಿ. ಕೊಳದಲ್ಲಿ ಆಡಲು ಬೇರೆ ನೂರು ಆಟಗಳಿವೆ.

ಕೊಳದ ತಳದಲ್ಲಿ ಜಾಲರಿ ಹಾಕಿದ ಒಂದು ಕಿಂಡಿ ಇರುತ್ತದೆ. ಪಂಪು ಅಲ್ಲಿಂದ ನೀರೆಳೆದು ಶೋಧಿಸಿ ಮತ್ತೆ ಬಿಡುತ್ತದೆ. ಅದರ ಮೇಲೆ ಕೂರುವುದು, ಬೆನ್ನು ಕೊಡುವುದು ಬೇಡ. ಒಂದು ಲೆಕ್ಕ ನೋಡಿ: 20 ಸೆಂಟಿಮೀಟರ್ ಚೌಕದ ಕಿಂಡಿ ಪೂರ್ತಿ ಮುಚ್ಚಿಹೋಗಿ, ಒಳಗಿನ ಒತ್ತಡ ಹೊರಗಿನದಕ್ಕಿಂತ ಅರ್ಧ ವಾತಾವರಣದಷ್ಟು ಇಳಿದರೆ, ಮೈಯನ್ನು ಕಿಂಡಿಗೆ ಒತ್ತುವ ಬಲ ಸುಮಾರು 200 ಕಿಲೋ ತೂಕಕ್ಕೆ ಸಮ. ಯಾವ ಮಾವನಿಗೂ ಎಳೆದು ಬಿಡಿಸಲಾಗದು, ಪಂಪು ನಿಲ್ಲಿಸಬೇಕು. ಅಮೆರಿಕ 2007ರಲ್ಲಿ ಕಾನೂನು ಮಾಡಿ, ಸಾರ್ವಜನಿಕ ಕೊಳಗಳ ಕಿಂಡಿಗಳಿಗೆ ಮೈಯಾಗಲಿ ಕೂದಲಾಗಲಿ ಸಿಕ್ಕಿಕೊಳ್ಳದಂಥ ಮುಚ್ಚಳ ಕಡ್ಡಾಯ ಮಾಡಿತು. ಉದ್ದ ಕೂದಲಿದ್ದವರು ಗಂಟು ಕಟ್ಟಿಕೊಂಡೇ ಇಳಿಯಿರಿ. ಪಂಪಿನ ಸ್ವಿಚ್ಚು ಎಲ್ಲಿದೆ ಎಂಬುದು ಕಾವಲಿಗೆ ಕೂತವರಿಗೆ ಗೊತ್ತಿರಬೇಕು.

ಮೂಗಿನ ವಿಷಯ ಹೇಳಿದರೆ ನೀವು ನಗುತ್ತೀರಿ. ಕೊಳದ ಬಳಿ ಘಾಟು ವಾಸನೆ ಬಂದರೆ "ಕ್ಲೋರಿನ್ ಚೆನ್ನಾಗಿ ಹಾಕಿದ್ದಾರೆ, ನೀರು ಶುದ್ಧ" ಎನ್ನುವವರಿದ್ದಾರೆ. ಆ ಘಾಟು ಬಹುಪಾಲು ಕ್ಲೋರಮೀನ್‌ಗಳದ್ದು. ಕ್ಲೋರಿನ್ ಬೆವರು ಮತ್ತು, ಹೌದು, ಉಚ್ಚೆಯ ಜೊತೆ ಸೇರಿದಾಗ ಹುಟ್ಟುವ ರಾಸಾಯನಿಕಗಳವು. ಕಣ್ಣು ಕೆಂಪಾಗಿಸುವುದೂ ಅವೇ. ಅಂದರೆ ಘಾಟು ಜೋರಾದಷ್ಟೂ ಯಾರೋ ಕೊಳದೊಳಗೇ ಕೆಲಸ ಮುಗಿಸಿದ್ದಾರೆ ಎಂಬ ಅನುಮಾನ ಜೋರಾಗಬೇಕು. ಇಳಿಯುವ ಮೊದಲು ಒಂದು ನಿಮಿಷ ಮೈಗೆ ನೀರು ಹಾಕಿಕೊಂಡರೆ ಬೆವರು, ಕೊಳೆ ಬಹಳಷ್ಟು ಹೊರಗೇ ಉಳಿಯುತ್ತದೆ. ಹೊಟ್ಟೆ ಕೆಟ್ಟವರು ಅಂದು ದಡದಲ್ಲೇ ಕೂರಬೇಕು. ಕ್ರಿಪ್ಟೊಸ್ಪೊರಿಡಿಯಂ ಎಂಬ ಭೇದಿಯ ಪರಾವಲಂಬಿ ಕ್ಲೋರಿನ್ ನೀರಿನಲ್ಲೂ ವಾರಕ್ಕಿಂತ ಹೆಚ್ಚು ಬದುಕಬಲ್ಲದು. ಕ್ಲೋರಿನ್ ಪುಡಿ, ಆಸಿಡ್ ಇಟ್ಟ ಕೋಣೆಗೆ ಮಕ್ಕಳು ಹೋಗಲೇಬಾರದು. ಎರಡೂ ಬೆರೆತರೆ ವಿಷಗಾಳಿ ಏಳುತ್ತದೆ.

ಗುಡುಗು ಕೇಳಿದರೆ ಎಲ್ಲರೂ ಹೊರಗೆ. ಕೊನೆಯ ಗುಡುಗಿನ ನಂತರ 30 ನಿಮಿಷ ನೀರಿಗೆ ರಜೆ.

ಸಿಡ್ನಿಯ ಮಾತು ಆಡುತ್ತ ನಮ್ಮ ಊರನ್ನು ಮರೆಯುವಂತಿಲ್ಲ. ಚಿಕ್ಕಮಗಳೂರು, ಕೊಡಗಿನ ರೆಸಾರ್ಟುಗಳಲ್ಲಿ, ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈಗ ಕೊಳಗಳಿವೆ. ಅದಕ್ಕಿಂತ ಹೆಚ್ಚು ಮಕ್ಕಳು ದಿನಾ ನೋಡುವುದು ಕೃಷಿ ಹೊಂಡವನ್ನು. 2014ರಲ್ಲಿ ಶುರುವಾದ ಕೃಷಿ ಭಾಗ್ಯ ಯೋಜನೆಯ ನಂತರ ಬಯಲುಸೀಮೆಯ ಹೊಲಗಳಲ್ಲಿ ಅವು ಬಹಳ ಹೆಚ್ಚಿದವು. ಮಳೆಯಿಲ್ಲದ ವಾರಗಳಲ್ಲಿ ಬೆಳೆ ಉಳಿಸುವ ಒಳ್ಳೆಯ ಕೆಲಸ ಅವುಗಳದು. ಆದರೆ ನೀರು ಇಂಗಬಾರದೆಂದು ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿರುತ್ತಾರೆ. ಇಳಿಜಾರು ಬದಿ, ಒದ್ದೆ ಪ್ಲಾಸ್ಟಿಕ್, ಮೇಲೆ ತೆಳ್ಳಗೆ ಪಾಚಿ. ಘರ್ಷಣೆ ಇಲ್ಲವೆಂದೇ ಹೇಳಬೇಕು. ಜಾರಿ ಇಳಿದವರಿಗೆ, ಈಜು ಬಂದರೂ, ಹತ್ತಿ ಬರಲು ಹಿಡಿತ ಸಿಗುವುದಿಲ್ಲ. ಈಜುಕೊಳಕ್ಕೆ ಏಣಿಯಾದರೂ ಇದೆ. ಹೊಂಡಕ್ಕೆ ಬೇಲಿ ಬೇಕು, ಜೊತೆಗೆ ಒಂದು ಗೂಟಕ್ಕೆ ಕಟ್ಟಿ ಒಳಗೆ ಇಳಿಬಿಟ್ಟ ಗಂಟುಹಗ್ಗವೂ ಬೇಕು. ನಿಮ್ಮ ತೋಟದಲ್ಲಿ ಇಲ್ಲದಿದ್ದರೆ ಅಪ್ಪನ ಹತ್ತಿರ ಹಟ ಮಾಡಿ ಕಟ್ಟಿಸಿ.

ಕೊಳವೋ ಹೊಂಡವೋ, ಯಾರಾದರೂ ಸಿಕ್ಕಿಬಿದ್ದರೆ ನೀವು ಮಾತ್ರ ನೀರಿಗೆ ಹಾರಬೇಡಿ. ಮುಳುಗುತ್ತಿರುವವರು ಕೈಗೆ ಸಿಕ್ಕಿದ್ದನ್ನು ಕೆಳಕ್ಕೆ ಒತ್ತಿ ಮೇಲೇರಲು ನೋಡುತ್ತಾರೆ, ಸಿಕ್ಕಿದ್ದು ಗೆಳೆಯನ ತಲೆಯಾದರೂ. ಕೂಗಿ ಜನ ಸೇರಿಸಿ. ದಡದಲ್ಲಿ ಮಲಗಿ ಕೋಲು, ಪಂಚೆ, ದುಪಟ್ಟಾ ಚಾಚಿ. ಇಲ್ಲವೇ ತೇಲುವಂಥದ್ದೇನನ್ನಾದರೂ ಎಸೆಯಿರಿ. ಮೇಲೆತ್ತಿ ತಂದ ಮೇಲೆ ಉಸಿರಿಲ್ಲದಿದ್ದರೆ, ತರಬೇತಿ ಇದ್ದವರು ಮೊದಲು ಬಾಯಿಗೆ ಬಾಯಿಟ್ಟು ಉಸಿರು ಊದಿ, ಬಳಿಕ ಎದೆ ಒತ್ತುತ್ತಾರೆ. ಮುಳುಗಿದವರಲ್ಲಿ ಮೊದಲು ಖಾಲಿಯಾಗುವುದು ಆಮ್ಲಜನಕವಲ್ಲವೇ? ಆಗ ನೀವು ಫೋನ್ ಮಾಡಿ: ನಮ್ಮಲ್ಲಿ 112, ಆಸ್ಟ್ರೇಲಿಯಾದಲ್ಲಿ 000.

ತೇಲುವಂಥದ್ದು ಎಂದರೆ ದುಬಾರಿ ವಸ್ತುವೇ ಆಗಬೇಕಿಲ್ಲ. ಮನುಷ್ಯನ ಮೈಯ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಪೂರ್ತಿ ಉಸಿರೆಳೆದಾಗ ತೇಲುತ್ತದೆ, ಉಸಿರು ಬಿಟ್ಟಾಗ ಹಲವರ ಮೈ ಮುಳುಗುತ್ತದೆ. ಮೂಗು-ಬಾಯಿ ಮೇಲಿರಲು ಬೇಕಾದ ಸಹಾಯ ಕೆಲವೇ ಕಿಲೋದಷ್ಟು. ಅಮೆರಿಕದಲ್ಲಿ ದೊಡ್ಡವರು ದೋಣಿ ವಿಹಾರಕ್ಕೆ ತೊಡುವ ಸಾಮಾನ್ಯ ಜೀವರಕ್ಷಕ ಜಾಕೆಟ್ ಎತ್ತಿಹಿಡಿಯಬೇಕಾದದ್ದು ಸುಮಾರು 7 ಕಿಲೋ, ಅಷ್ಟೇ. ಹಿಂದೆ ಹಳ್ಳಿಯ ಬಾವಿಯಲ್ಲಿ ಈಜು ಕಲಿಸುವಾಗ ಮಕ್ಕಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದುದು ಇದೇ ಲೆಕ್ಕದ ಮೇಲೆ. ಅಡುಗೆಮನೆಯಲ್ಲಿ ಖಾಲಿಯಾದ 5 ಲೀಟರಿನ ಎಣ್ಣೆ ಕ್ಯಾನು ಇದೆಯೇ? ಮುಚ್ಚಳ ಬಿಗಿಯಾಗಿ ತಿರುಗಿಸಿ. ಪೂರ್ತಿ ಮುಳುಗಿಸಿದರೆ ಅದು 5 ಲೀಟರ್ ನೀರನ್ನು ಪಕ್ಕಕ್ಕೆ ಸರಿಸುತ್ತದೆ, ಸರಿಸಿದ ನೀರಿನ ತೂಕದಷ್ಟೇ ಬಲದಿಂದ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಅಂದರೆ ಹತ್ತಿರ ಹತ್ತಿರ 5 ಕಿಲೋ. ಅದರ ಹಿಡಿಗೆ ಒಂದು ಹಗ್ಗ ಕಟ್ಟಿ ಹೊಂಡದ ಬೇಲಿಗೆ ನೇತುಹಾಕಬಹುದು. ನಂಬಿಕೆ ಬರದಿದ್ದರೆ ಮುಚ್ಚಳ ಹಾಕಿದ ಒಂದು ಲೀಟರಿನ ಖಾಲಿ ಬಾಟಲಿಯನ್ನು ನೀರು ತುಂಬಿದ ಬಕೆಟಿನೊಳಗೆ ಒತ್ತಿ ನೋಡಿ. ಕೈಯನ್ನೇ ತಳ್ಳಿಕೊಂಡು ಮೇಲೆ ಬರುತ್ತದೆ. ಆಮೇಲೆ ಆ ನೀರನ್ನು ಗಿಡಕ್ಕೆ ಸುರಿದು ಬಕೆಟ್ಟನ್ನು ಬೋರಲು ಹಾಕಿ, ಮನೆಯಲ್ಲಿ ಅಂಬೆಗಾಲಿಡುವ ತಮ್ಮನೋ ತಂಗಿಯೋ ಇದ್ದರೆ ಮೊದಲು ಆ ಕೆಲಸ.